ಫ್ಲೋರೈಡ್ ಕಂಡ ಹಲ್ಲಿಗೆ ಬಾಂಡಿಂಗ್ ಮಾಡುವ ಬಗೆ

ಬ್ರೇಸಸ್ ಹಾಕಿಸಿಕೊಂಡ ಹುಡುಗ ವಾರದೊಳಗೆ ಕಳಚಿದ ಬ್ರಾಕೆಟ್ಟನ್ನು (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಸಣ್ಣ ತುಂಡು) ಟಿಶ್ಯೂ ಪೇಪರಿನಲ್ಲಿ ಸುತ್ತಿಕೊಂಡು ಬಂದರೆ ಅದನ್ನು ಹಾಗೇ ಕಸದ ಡಬ್ಬಿಗೆ ಹಾಕಬೇಡಿ. ಚಿಮಟದಲ್ಲಿ ಹಿಡಿದು, ಬೆನ್ನು ತಿರುವಿ, ಲೈಟಿಗೆ ಒಡ್ಡಿ ನೋಡಿ. ಹಿಂದಿನ ಜಾಲರಿಯಲ್ಲಿ ಅಂಟು ಪೂರ್ತಿ ತುಂಬಿಕೊಂಡಿದೆ, ಅದರ ಮುಖ ಗಾಜಿನ ಹಾಗೆ ನುಣ್ಣಗಿದೆ, ಹಲ್ಲಿನ ಮೇಲೆ ಮಾತ್ರ ಏನೂ ಉಳಿದಿಲ್ಲ ಎಂದರೆ ಅಂಟು ಸೋತದ್ದು ಹಲ್ಲಿನ ಕಡೆ. ಹಲ್ಲಿನ ಮೇಲೇ ಅಂಟು ಕೂತಿದ್ದು ಅದರಲ್ಲಿ ಜಾಲರಿಯ ಅಚ್ಚು ಮೂಡಿದ್ದರೆ ತಪ್ಪು ಬ್ರಾಕೆಟ್ ಕಡೆಯದು: ಲೈಟು ಸಾಲದೆ ಹೋಗಿರಬಹುದು, ಗಟ್ಟಿಯಾಗುವ ಮೊದಲೇ ಬ್ರಾಕೆಟ್ ಅಲುಗಿರಬಹುದು, ಎದುರು ಹಲ್ಲು ಬಡಿಯುತ್ತಿರಬಹುದು, ಇಲ್ಲವೇ ಹುಡುಗ ಲೋಣಾವಳಾ ಚಿಕ್ಕಿ ಕಡಿದಿರಬಹುದು. ಹಲ್ಲಿನ ಮೇಲೆ ಉಳಿದ ಅಂಟಿಗೆ 0ಯಿಂದ 3ರ ತನಕ ಅಂಕ ಕೊಡುವ ಎಆರ್‌ಐ ಪದ್ಧತಿ 1984ರಿಂದ ಬಳಕೆಯಲ್ಲಿದೆ. ಕೇಸ್ ಪೇಪರಿನಲ್ಲಿ ಆ ಒಂದು ಅಂಕೆ ಬರೆದಿಟ್ಟರೆ ಮುಂದಿನ ಸಲ ಊಹೆಯ ಮೇಲೆ ಓಡುವುದು ತಪ್ಪುತ್ತದೆ.

ಹಲ್ಲಿನ ಕಡೆಯ ಸೋಲಿಗೆ ಮೊದಲ ಅನುಮಾನ ಉಗುಳು ಮತ್ತು ತೇವದ ಮೇಲೆ. ಅದನ್ನು ತಳ್ಳಿಹಾಕಿದ ಮೇಲೂ ಅದೇ ಬಾಯಲ್ಲಿ ಎರಡು ಮೂರು ಬ್ರಾಕೆಟ್ ಹೀಗೇ ಶುಚಿಯಾಗಿ ಕಳಚಿದ್ದರೆ ಕೇಳಬೇಕಾದ ಪ್ರಶ್ನೆ ಫ್ಲೋರೈಡಿನದು.

ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಮೇಲಿನ ಬಾಂಡಿಂಗ್, ಅಂದರೆ ಅಂಟಿಸುವ ಕೆಲಸ, ಎಲ್ಲ ಆಸಿಡ್ ಎಷ್ಟು ಚೆನ್ನಾಗಿ ತಿಂದಿತು ಎಂಬುದರ ಮೇಲೆ ನಿಂತಿದೆ. 1955ರಲ್ಲಿ ಮೈಕೆಲ್ ಬುವೊನೊಕೋರ್ ಶೇ. 85ರ ಫಾಸ್ಫಾರಿಕ್ ಆಸಿಡ್ಡನ್ನು 30 ಸೆಕೆಂಡ್ ಇಟ್ಟು ತೋರಿಸಿದ ದಾರಿಯೇ ಇಂದಿಗೂ ನಮ್ಮದು. ಈಗ ಬಳಸುವುದು ಶೇ. 35ರಿಂದ 37ರ ಜೆಲ್, ಅಷ್ಟೇ ವ್ಯತ್ಯಾಸ. ಆಸಿಡ್ ಮೇಲಿನ ಸುಮಾರು 10 ಮೈಕ್ರಾನ್ ತಿಂದು ಹಾಕಿ, ಅದರ ಕೆಳಗೆ ಸೂಕ್ಷ್ಮ ರಂಧ್ರಗಳನ್ನು ತೆರೆಯುತ್ತದೆ. ಅಂಟಿನ ರೆಸಿನ್ ಅದರೊಳಗೆ ಇಳಿದು ಬೇರು ಬಿಟ್ಟ ಹಾಗೆ ಗಟ್ಟಿಯಾಗುತ್ತದೆ. ಫ್ಲೋರೈಡ್ ಕೊಡುವುದೋ, ಆಸಿಡ್ ಹಲ್ಲನ್ನು ತಿನ್ನದಿರಲಿ ಎಂದು! ಸಾಮಾನ್ಯ ಎನಾಮಲ್ ಪಿಎಚ್ 5.5ರ ಸುಮಾರಿಗೆ ಕರಗತೊಡಗಿದರೆ ಫ್ಲೋರೈಡ್ ಹೊಕ್ಕ ಹರಳು 4.5ರ ತನಕ ತಡೆಯುತ್ತದೆ. ಹಾಗೆಂದು ಗಾಬರಿ ಬೇಡ. ಫಾಸ್ಫಾರಿಕ್ ಜೆಲ್ಲಿನ ಪಿಎಚ್ 1ಕ್ಕಿಂತ ಕೆಳಗಿರುತ್ತದೆ, ಅದರ ಮುಂದೆ ಈ 5.5, 4.5ರ ಅಂತರ ದೊಡ್ಡದಲ್ಲ. ಪಿಎಚ್ 2ರಿಂದ 3ರ ನಡುವಿನ ಸೌಮ್ಯ ಸೆಲ್ಫ್-ಎಚ್ ಬಾಂಡಿಗೆ (ಆಸಿಡ್ ತನ್ನಲ್ಲೇ ಇರುವ ಅಂಟು) ಮಾತ್ರ ಅದೇ ಅಂತರ ಭಾರವಾಗುತ್ತದೆ. "ಫ್ಲೋರೈಡ್ ಕೊಟ್ಟರೆ ಅಂಟು ಹಿಡಿಯೋದಿಲ್ಲ" ಎಂದು ಒಬ್ಬರು, "ಏನೂ ಆಗೋದಿಲ್ಲ" ಎಂದು ಇನ್ನೊಬ್ಬರು ವಾದಿಸುವುದು ಬಹುಮಟ್ಟಿಗೆ ಇಬ್ಬರೂ ಬೇರೆ ಬೇರೆ ಬಾಟಲಿ ಹಿಡಿದಿರುವುದರಿಂದ.

ಫ್ಲೋರೈಡ್ ಎಲ್ಲಿ ಕೂತಿದೆ

ಮದ್ದು ಹೇಳುವ ಮೊದಲು ಇದನ್ನು ಗುರುತಿಸಬೇಕು. ಮೂರು ಕಡೆ ಕೂತಿರಬಹುದು.

ಮೊದಲನೆಯದು ಹಲ್ಲಿನ ಮೇಲಿನ ಪೊರೆ. ಶೇ. 5ರ ಸೋಡಿಯಂ ಫ್ಲೋರೈಡ್ ವಾರ್ನಿಶ್‌ನಲ್ಲಿ 22,600 ಪಿಪಿಎಂ (ಹತ್ತು ಲಕ್ಷಕ್ಕೆ ಅಷ್ಟು ಭಾಗ) ಫ್ಲೋರೈಡ್ ಇರುತ್ತದೆ, ಜೊತೆಗೆ ಅದನ್ನು ಹಿಡಿದಿಡಲು ರಾಳ. ಬ್ರಾಕೆಟ್ ಅಂಟಿಸುವ ಜಾಗದಲ್ಲಿ ಆ ರಾಳ ಒಂದು ಚೂರು ಉಳಿದರೂ ಆಸಿಡ್ ಕೆಳಗೆ ಇಳಿಯುವುದೇ ಇಲ್ಲ. ಇಲ್ಲಿ ರಸಾಯನ ಏನೂ ಇಲ್ಲ, ಎಣ್ಣೆ ಬಿದ್ದ ಗೋಡೆಗೆ ಸುಣ್ಣ ಹೊಡೆದ ಕಥೆ.

ಎರಡನೆಯದು ಕ್ಯಾಲ್ಸಿಯಂ ಫ್ಲೋರೈಡಿನ ಸಣ್ಣ ಉಂಡೆಗಳು. ಹೆಚ್ಚು ಸಾಂದ್ರತೆಯ ಯಾವ ಫ್ಲೋರೈಡ್ ಹಚ್ಚಿದರೂ ಇವು ಎನಾಮಲ್ ಮೇಲೆ ಕೂರುತ್ತವೆ. ಎಪಿಎಫ್ (ಆಮ್ಲ ಬೆರೆಸಿದ ಫ್ಲೋರೈಡ್) ಜೆಲ್ ಹಚ್ಚಿದಾಗ ಇನ್ನೂ ಹೆಚ್ಚು, ಏಕೆಂದರೆ ಅದು ಶೇ. 1.23 ಅಂದರೆ 12,300 ಪಿಪಿಎಂ, ಮೇಲಾಗಿ ಹುಳಿ. ಮೇಲ್ಮೈಯನ್ನು ಕೊಂಚ ಕರಗಿಸಿ ಅಲ್ಲಿಯ ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಈ ಉಂಡೆಗಳು ವಾರಗಟ್ಟಲೆ ನಿಲ್ಲುತ್ತವೆ. ಹುಳುಕು ತಡೆಯಲು ಅದೇ ಬೇಕು, ಬಾಂಡಿಂಗಿಗೆ ಅದೇ ಅಡ್ಡಿ. ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಮೋಸ ಹೋಗುವುದು ಇಲ್ಲೇ.

ಮೂರನೆಯದು ಹರಳಿನೊಳಗೆ ಸೇರಿಹೋದ ಫ್ಲೋರೈಡ್. ದಿನಾ ಪೇಸ್ಟಿನಿಂದ ಸೇರುವುದು ಸ್ವಲ್ಪ. ನಮ್ಮ ದೇಶದಲ್ಲಿ ಪೇಸ್ಟಿನ ಮಿತಿ 1,000 ಪಿಪಿಎಂ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ದಿನಾ ಬಾಯಿ ಮುಕ್ಕಳಿಸುವ ಶೇ. 0.05ರ ಸೋಡಿಯಂ ಫ್ಲೋರೈಡ್ ನೀರೂ ಹಾಗೇ. ತಲೆ ಕೆಡಿಸಿಕೊಳ್ಳಬೇಕಾದದ್ದು ಹಲ್ಲು ಮೂಡುವ ಮೊದಲೇ ನೀರಿನಿಂದ ಸೇರಿದ ಫ್ಲೋರೈಡ್, ಅಂದರೆ ಫ್ಲೋರೋಸಿಸ್.

ಪೊರೆಯನ್ನು ಒರೆಸಬೇಕು, ಉಂಡೆಯನ್ನು ಉಜ್ಜಿ ಆಸಿಡ್‌ಗೆ ಒಪ್ಪಿಸಬೇಕು, ಹರಳಿನೊಳಗಿನದನ್ನು, ಆಸಿಡ್ಡಿಗೆ ಬಗ್ಗದಿದ್ದರೆ, ತಿರುಗುವ ಕೊರೆಮೊನೆಯಾದ ಬರ್‌ನಿಂದ ಕೆರೆಯಬೇಕು.

ಇತ್ತೀಚೆಗೆ ಫ್ಲೋರೈಡ್ ಹಚ್ಚಿದ್ದರೆ

ಕೇಳಿಯೇ ತಿಳಿಯಬೇಕು. "ಫ್ಲೋರೈಡ್ ಮಾಡಿಸಿದ್ದೀರಾ?" ಎಂದರೆ ಅರ್ಧ ಜನ ಇಲ್ಲ ಎನ್ನುತ್ತಾರೆ, ಆ ಹೆಸರು ಅವರಿಗೆ ಗೊತ್ತಿರುವುದಿಲ್ಲ. "ಶಾಲೆಯಲ್ಲೋ, ಕನ್ನಡ ಸಂಘದ ಆರೋಗ್ಯ ಶಿಬಿರದಲ್ಲೋ ಹಲ್ಲಿಗೆ ಹಳದಿ ಅಂಟು ಹಚ್ಚಿದ್ದರಾ? ಆ ರಾತ್ರಿ ಬ್ರಷ್ ಮಾಡಬೇಡಿ ಅಂದಿದ್ದರಾ? ಟ್ರೇಯಲ್ಲಿ ಹುಳಿ ಜೆಲ್ ಹಾಕಿ ನಾಲ್ಕು ನಿಮಿಷ ಕಚ್ಚಿಸಿದ್ದರಾ?" ಎಂದು ಕೇಳಿದರೆ ಅಮ್ಮಂದಿರು ತಾರೀಖಿನ ಸಮೇತ ಹೇಳುತ್ತಾರೆ.

ವಾರ್ನಿಶ್ ಅಥವಾ ಎಪಿಎಫ್ ಆಗಿ ಎರಡು ವಾರ ದಾಟದಿದ್ದರೆ ಬ್ರೇಸಸ್‌ನಂಥ ಅವಸರವಿಲ್ಲದ ಕೆಲಸ ಮುಂದಕ್ಕೆ ಹಾಕುವುದೇ ಸರಿ. ಎರಡು ವಾರ ಎನ್ನುವುದು ಕಲ್ಲಿನ ಮೇಲೆ ಕೊರೆದ ಲೆಕ್ಕವಲ್ಲ, ಕೆಲವರು ತಿಂಗಳು ಕಾಯುತ್ತಾರೆ. ಮುರಿದ ಮುಂದಿನ ಹಲ್ಲಿನಂತೆ ಕಾಯಲಾಗದ ಕೆಲಸವಿದ್ದರೆ ಹೀಗೆ ಮಾಡಿ.

ಹ್ಯಾಂಡ್ ಸ್ಕೇಲರಿನಿಂದ ವಾರ್ನಿಶ್ ಚೂರುಗಳನ್ನು ಎಬ್ಬಿಸಿ. ಅದರ ರಾಳ ಆಲ್ಕೋಹಾಲಿನಲ್ಲಿ ಕರಗುತ್ತದೆ, ಹಾಗಾಗಿ ಸ್ಪಿರಿಟ್ ಅದ್ದಿ ಹಿಂಡಿದ ಹತ್ತಿಯ ಸಣ್ಣ ಉಂಡೆಯಿಂದ ಹಲ್ಲಿನ ಮುಖವನ್ನಷ್ಟೇ ಒರೆಸಿ, ಒಸಡಿಗೆ ತಾಗಿಸಬೇಡಿ, ಆಮೇಲೆ ತೊಳೆಯಿರಿ. ಬರೀ ಪ್ಯೂಮಿಸ್ (ಉಜ್ಜುವ ನೊರೆಗಲ್ಲಿನ) ಪುಡಿಗೆ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ರಬ್ಬರ್ ಕಪ್ಪಿನಲ್ಲಿ ನಿಧಾನ ವೇಗದಲ್ಲಿ ಹಲ್ಲಿಗೆ 10ರಿಂದ 15 ಸೆಕೆಂಡ್ ಉಜ್ಜಿ. ಇಲ್ಲಿ ಬಣ್ಣದ, ಪುದೀನ ವಾಸನೆಯ ಪಾಲಿಶಿಂಗ್ ಪೇಸ್ಟ್ ಬೇಡವೇ ಬೇಡ. ಅದರಲ್ಲಿ ಹಲವಕ್ಕೆ ಫ್ಲೋರೈಡ್ ಬೆರೆಸಿರುತ್ತಾರೆ, ಗ್ಲಿಸರಿನ್ ಇರುತ್ತದೆ. ತೆಗೆಯಲು ಹೊರಟದ್ದನ್ನೇ ಮತ್ತೆ ಹಚ್ಚಿದ ಹಾಗೆ. ಅದರ ಅಡ್ಡಿ ಸಣ್ಣದಿರಬಹುದು, ಆದರೆ ಪ್ಯೂಮಿಸ್ ಅದಕ್ಕಿಂತ ಅಗ್ಗ ಇರುವಾಗ ಆ ಗೊಡವೆ ಯಾಕೆ?

ತೊಳೆದು ಒಣಗಿಸಿ, ಶೇ. 37ರ ಜೆಲ್ ಹಚ್ಚಿ 30 ಸೆಕೆಂಡ್ ಬಿಡಿ. ಸಾಮಾನ್ಯ ಎನಾಮಲ್‌ಗೆ 15 ಸೆಕೆಂಡೇ ಸಾಕು ಎನ್ನುವವರೂ ಇಲ್ಲಿ 30 ಕೊಡಲಿ. ಹಚ್ಚಿ ಕೈಕಟ್ಟಿ ಕೂರದೆ ಬ್ರಷ್ಷಿನ ತುದಿಯಿಂದ ಜೆಲ್ಲನ್ನು ಮೆಲ್ಲಗೆ ಆಡಿಸುತ್ತಿರಿ. ಮೇಲ್ಮೈಗೆ ಹೊಸ ಆಸಿಡ್ ತಾಗುತ್ತಿರುತ್ತದೆ. ಉಜ್ಜುವ ಹಾಗಿಲ್ಲ, ಎದ್ದ ಹರಳಿನ ತುದಿಗಳು ಮುರಿಯುತ್ತವೆ. ಡೆಂಟಿನ್ (ಎನಾಮಲ್ ಕೆಳಗಿನ ಪದರ) ತೆರೆದಿದ್ದರೆ ಮೊದಲು ಎನಾಮಲ್ ಅಂಚಿಗೆ ಹಚ್ಚಿ, ಕೊನೆಯ 15 ಸೆಕೆಂಡ್ ಮಾತ್ರ ಡೆಂಟಿನ್‌ಗೆ ತಾಗಿಸಿ. ಎಷ್ಟು ಹೊತ್ತು ಇಟ್ಟಿರೋ ಕನಿಷ್ಠ ಅಷ್ಟು ಹೊತ್ತು ತೊಳೆಯಿರಿ. ಗಾಳಿ ಹಿಡಿದಾಗ ಎನಾಮಲ್ ಉಸಿರು ತಾಗಿದ ಕನ್ನಡಿಯ ಹಾಗೆ ಬಿಳಿಚಿ ಮಂಕಾಗಬೇಕು. ಅಲ್ಲಲ್ಲಿ ಹೊಳಪು ಉಳಿದಿದ್ದರೆ ಅಷ್ಟು ಜಾಗಕ್ಕೆ ಮಾತ್ರ ಮತ್ತೆ 15 ಸೆಕೆಂಡ್.

ಆಸಿಡ್ ತೊಳೆದ ಮೇಲೆ, ಬಾಂಡ್ ಹಚ್ಚುವ ಮುಂಚೆ, ಯಾವ ಕಾರಣಕ್ಕೂ ಫ್ಲೋರೈಡ್ ತಾಗಿಸಬೇಡಿ. ತೆರೆದುಕೊಂಡ ರಂಧ್ರಗಳಲ್ಲಿ ಅದೇ ಉಂಡೆಗಳು ಬಂದು ಕೂತರೆ ಮಾಡಿದ್ದೆಲ್ಲ ನೀರು ಪಾಲು. ಮೈಕ್ರೋಅಬ್ರೇಶನ್ (ಆಸಿಡ್ ಮತ್ತು ಪುಡಿಯಿಂದ ಉಜ್ಜಿ ಕಲೆ ತೆಗೆಯುವುದು) ಮಾಡುವವರು ಇಲ್ಲಿ ಎಡವುತ್ತಾರೆ. ಆ ಕೆಲಸ ಮುಗಿದ ಮೇಲೆ ಶೇ. 2ರ ಸೋಡಿಯಂ ಫ್ಲೋರೈಡ್ ಹಚ್ಚುವುದು ರೂಢಿ. ಅಭ್ಯಾಸಬಲದಿಂದ ಅಸಿಸ್ಟೆಂಟ್ ಅದನ್ನು ಹಚ್ಚಿಬಿಡುತ್ತಾರೆ, ಅದೇ ಸಿಟ್ಟಿಂಗ್‌ನಲ್ಲಿ ಡಾಕ್ಟರು ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್) ಇಡುತ್ತಾರೆ. ಅದೇ ದಿನ ಕಾಂಪೋಸಿಟ್ ಇದ್ದರೆ ಫ್ಲೋರೈಡ್ ಕೊನೆಗೆ ಎಂದು ಟ್ರೇ ಜೋಡಿಸುವಾಗಲೇ ಹೇಳಿಡಿ. ಬ್ಲೀಚಿಂಗ್ ಆದ ಮೇಲೂ ಜುಮ್ಮೆನ್ನದಿರಲಿ ಎಂದು ಫ್ಲೋರೈಡ್ ಕೊಡುವುದುಂಟು. ಬ್ಲೀಚಿಂಗ್ ಆದ ಹಲ್ಲಿನಲ್ಲಿ ಉಳಿದ ಆಮ್ಲಜನಕ ರೆಸಿನ್ ಗಟ್ಟಿಯಾಗಲು ಬಿಡದ್ದರಿಂದ ಹೇಗೂ ಎರಡು ವಾರ ಕಾಯುತ್ತೀರಿ, ಅದರಲ್ಲೇ ಇದೂ ಕಳೆಯುತ್ತದೆ.

ಯಾವ ಬಾಂಡ್

ಫ್ಲೋರೈಡ್ ಕಂಡ ಎನಾಮಲ್ ಮೇಲೆ ಸೆಲ್ಫ್-ಎಚ್ ಬಾಂಡನ್ನು ಒಂಟಿಯಾಗಿ ನಂಬಬೇಡಿ. ಅದರ ಆಸಿಡ್ ಸೌಮ್ಯ, ತೊಳೆಯುವ ಹಂತವೂ ಇಲ್ಲ. ಹಾಗಾಗಿ ಕ್ಯಾಲ್ಸಿಯಂ ಫ್ಲೋರೈಡ್ ಎಲ್ಲೂ ಹೋಗದೆ ಅಂಟಿನ ನಡುವೆಯೇ ಉಳಿಯುತ್ತದೆ. ಎಂಡಿಪಿ ಎಂಬ ಅಂಟುವ ಅಣು ಇರುವ ಬಾಂಡ್‌ಗಳು ಹಲ್ಲಿನ ಕ್ಯಾಲ್ಸಿಯಂಗೆ ನೇರವಾಗಿ ಕೈಹಿಡಿಯುತ್ತವೆ, ನಿಜ. ಆದರೆ ಮೇಲೆ ಬೇರೆ ಲವಣ ಕೂತಿದ್ದರೆ ಕೈ ತಲುಪುವುದು ಆ ಲವಣಕ್ಕೆ, ಹಲ್ಲಿಗಲ್ಲ. ಯೂನಿವರ್ಸಲ್ ಬಾಂಡ್ (ಬೇರೆ ಆಸಿಡ್ ಕೊಟ್ಟೂ ಕೊಡದೆಯೂ ಬಳಸಬಹುದಾದದ್ದು) ಇಟ್ಟುಕೊಂಡವರಿಗೆ ಉಪಾಯ ಸುಲಭ: ಎನಾಮಲ್ ಅಂಚಿಗೆ ಫಾಸ್ಫಾರಿಕ್ ಜೆಲ್, ಡೆಂಟಿನ್‌ಗೆ ಬಾಂಡಿನ ಸ್ವಂತ ಆಸಿಡ್. ಬಾಂಡನ್ನು ಸುಮ್ಮನೆ ಬಳಿಯದೆ 20 ಸೆಕೆಂಡ್ ತಿಕ್ಕಿ ಹಚ್ಚಿ, ದ್ರಾವಕ ಹಾರಿಹೋಗುವ ತನಕ ಗಾಳಿ ಕೊಡಿ. ಪದರ ಅಲೆಯಾಡುವುದು ನಿಂತಿತೆಂದರೆ ಹಾರಿದೆ.

ಬ್ರಾಕೆಟ್ ಬಾಯಲ್ಲಿ ನಿಲ್ಲಲು ಸುಮಾರು 6ರಿಂದ 8 ಮೆಗಾಪ್ಯಾಸ್ಕಲ್ ಹಿಡಿತ ಸಾಕು. ಒಳ್ಳೆಯ ಎಚಿಂಗ್ (ಆಸಿಡ್ಡಿನಿಂದ ತಿನ್ನಿಸುವುದು) ಇದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತದೆ. ಹೀಗಾಗಿ ಫ್ಲೋರೈಡ್ ಸ್ವಲ್ಪ ಹಿಡಿತ ಕಡಿಮೆ ಮಾಡಿದರೂ ಆಸಿಡ್ ಸರಿಯಾಗಿ ಕೊಟ್ಟವರಿಗೆ ಅದು ಗೊತ್ತೇ ಆಗುವುದಿಲ್ಲ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಉಳಿಸಲು ಹೋದವರಿಗೆ ಗೊತ್ತಾಗುತ್ತದೆ.

ಮುಂಬಯಿ, ಗೋವಾದಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಫ್ಲೋರೈಡ್ ಮಾಡದ ತಪ್ಪೂ ಅದರ ತಲೆಗೆ ಬರುತ್ತದೆ. ಕಂಪ್ರೆಸರ್ ಟ್ಯಾಂಕಿನ ತಳದಲ್ಲಿ ನೀರು ತುಂಬಿ ತ್ರೀ-ವೇ ಸಿರಿಂಜಿನ ಗಾಳಿಯಲ್ಲೇ ಹನಿ ಬರುತ್ತಿರುತ್ತದೆ. ಬೆಳಿಗ್ಗೆ ಡ್ರೇನ್ ವಾಲ್ವ್ ಬಿಚ್ಚಿ ನೀರು ಬಿಡಿ, ಆಮೇಲೆ ಬಾಯಿ ಕನ್ನಡಿಯ ಮೇಲೆ ಎರಡು ಸೆಂಟಿಮೀಟರ್ ದೂರದಿಂದ ಗಾಳಿ ಹೊಡೆದು ನೋಡಿ. ಚುಕ್ಕೆ ಬಿದ್ದರೆ ಅಂದಿನ ಬಾಂಡಿಂಗ್ ಅನುಮಾನವೇ. ಫ್ರಿಜ್‌ನಿಂದ ತೆಗೆದ ಬಾಂಡ್ ಬಾಟಲಿಯನ್ನು ಕೋಣೆಯ ಬಿಸಿಗೆ ಬರುವ ಮೊದಲೇ ತೆರೆದರೆ ಕಡಲ ಬದಿಯ ಹವೆಯ ನೀರು ಅದರೊಳಗೇ ಇಳಿಯುತ್ತದೆ.

ಊರ ನೀರಿನ ಹಲ್ಲು

ಪುಣೆಯ ಹಡಪಸರ, ಕಾತ್ರಜ್, ಮುಂಬಯಿಯ ಧಾರಾವಿ, ಗೋವಾದ ವಾಸ್ಕೊ, ಝುವಾರಿನಗರ ಕಡೆ ಕ್ಲಿನಿಕ್ ಇಟ್ಟವರಿಗೆ ಗದಗ, ಕೊಪ್ಪಳ, ಬಾಗಲಕೋಟೆ, ವಿಜಯಪುರ, ರಾಯಚೂರು ಸೀಮೆಯಿಂದ ದುಡಿಯಲು ಬಂದವರ ಹಲ್ಲು ಹೊಸದಲ್ಲ. ಅವರನ್ನು "ಈಗ ಯಾವ ನೀರು ಕುಡೀತೀರಿ?" ಎಂದು ಕೇಳಿ ಪ್ರಯೋಜನವಿಲ್ಲ. ಮುಂಬಯಿಗೆ ಬರುವುದು ತಾನ್ಸಾ, ಭಾತ್ಸಾ, ವೈತರಣಾ ಜಲಾಶಯಗಳ ನೀರು, ಪುಣೆಗೆ ಖಡಕ್‌ವಾಸ್ಲಾದ್ದು. ಇಂಥ ಮಳೆನೀರಿನ ಸಂಗ್ರಹದಲ್ಲಿ ಫ್ಲೋರೈಡ್ ಕಡಿಮೆ. ಬೇಕಾದದ್ದು ಎಂಟು ವರ್ಷದ ತನಕ ಕುಡಿದ ನೀರಿನ ಲೆಕ್ಕ, ಮುಂದಿನ ಹಲ್ಲುಗಳ ಮಟ್ಟಿಗಂತೂ ಮೊದಲ ಮೂರು ನಾಲ್ಕು ವರ್ಷದ್ದು. "ಸಣ್ಣವರಿದ್ದಾಗ ಯಾವೂರಾಗ ಬೆಳೆದ್ರಿ? ಬೋರಿನ ನೀರೋ, ಕೆರೀ ನೀರೋ?" ಎಂದರೆ ಉತ್ತರ ತಡವಿಲ್ಲದೆ ಬರುತ್ತದೆ: "ಬೋರಿನ ನೀರ ರೀ ಡಾಕ್ಟ್ರ. ನಮ್ಮ ಓಣ್ಯಾಗ ಎಲ್ಲಾರ ಹಲ್ಲೂ ಹಿಂಗ ಅದಾವ." ಯವತ್ಮಾಳ, ಚಂದ್ರಪುರ ಕಡೆಯ ಮರಾಠಿ ಪೇಷಂಟ್ "ಬೋರ್‌ಚಂ ಪಾಣಿ" ಎಂದರೂ ಅದೇ ಕಥೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಲಿ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆಯಲಿ ಎನ್ನುತ್ತದೆ ನಮ್ಮ ದೇಶದ ಮಾನಕ. ಅದು ಮೀರಿದ ಊರುಗಳ ಹಲ್ಲು ಇವು.

ಫ್ಲೋರೋಸಿಸ್ ಎನಾಮಲ್‌ನ ರಚನೆ ಬಲು ವಿಚಿತ್ರ. ಹೊರಪದರ ಖನಿಜ ತುಂಬಿ ಗಟ್ಟಿಯಾಗಿ ಆಸಿಡ್‌ಗೆ ಜಗ್ಗುವುದಿಲ್ಲ, ಅದರ ಕೆಳಗೆ ಸುಣ್ಣದಂತೆ ಪೊಳ್ಳು ಪದರ. ಕಡುಬಿಸಿಲಿಗೆ ಒಣಗಿದ ಎರೆ ಹೊಲದ ಹೆಪ್ಪಿನ ಹಾಗೆ, ಮೇಲೆ ಗಟ್ಟಿ, ಕೆಳಗೆ ಸಡಿಲ. ಆದ್ದರಿಂದ ತಪ್ಪು ಎರಡೂ ಕಡೆ ಆಗುತ್ತದೆ. 15 ಸೆಕೆಂಡ್ ಆಸಿಡ್ ಇಟ್ಟರೆ ಮೇಲಿನ ಹೆಪ್ಪೇ ಒಡೆಯುವುದಿಲ್ಲ. ಬಿಳಿಚಲಿಲ್ಲವೆಂದು ಮತ್ತೆ ಮತ್ತೆ ಇಟ್ಟರೆ ಹೆಪ್ಪು ತೆಳುವಾಗಿರುವ ಕಡೆ ಆಸಿಡ್ ಪೊಳ್ಳಿಗೆ ಇಳಿದುಬಿಡುತ್ತದೆ. ಆಗ ಅಂಟು ಚೆನ್ನಾಗಿಯೇ ಹಿಡಿಯುತ್ತದೆ, ಆದರೆ ಕಿತ್ತು ಬರುವಾಗ ಎನಾಮಲ್ ಚೂರಿನ ಸಮೇತ ಬರುತ್ತದೆ. ಬ್ರಾಕೆಟ್ಟಿನ ಹಿಂದೆ ಸುಣ್ಣದ ಪುಡಿಯಂಥ ಬಿಳಿ ಅಂಟಿಕೊಂಡಿದ್ದರೆ ಆಗಿರುವುದು ಇದು.

ಹಾಗಾಗಿ ಮೊದಲು ಹಲ್ಲನ್ನು ಒಣಗಿಸಿ ಗ್ರೇಡ್ ನೋಡಿ. ಫ್ಲೋರೋಸಿಸ್ ತೀವ್ರತೆ ಅಳೆಯುವ ಟಿಎಫ್ ಸೂಚಿ 0ಯಿಂದ 9ರ ತನಕ ಇದೆ. ತೆಳು ಬಿಳಿ ಗೆರೆ, ಮೋಡದಂಥ ಮಚ್ಚೆ ಎಂದರೆ 1ರಿಂದ 3. ಇಡೀ ಮುಖ ಸುಣ್ಣದ ಬಿಳುಪು ಎಂದರೆ 4. ಗುಳಿ ಬಿದ್ದಿದ್ದರೆ 5 ಮತ್ತು ಮೇಲೆ. ಕಂದು ಬಣ್ಣ ನೋಡಿ ಅಳೆಯಬೇಡಿ. ಅದು ಹಲ್ಲು ಬಂದ ಮೇಲೆ ಚಹಾ, ತಂಬಾಕಿನಿಂದ ಏರಿದ ಬಣ್ಣ, ಫ್ಲೋರೋಸಿಸ್‌ನ ತೀವ್ರತೆಯ ಅಳತೆಯಲ್ಲ.

1ರಿಂದ 3ರ ಹಲ್ಲಿಗೆ ಪ್ಯೂಮಿಸ್, ಆಮೇಲೆ 30 ಸೆಕೆಂಡ್ ಜೆಲ್. ಬಿಳಿಚದಿದ್ದರೆ ಇನ್ನೊಂದು 30. ಹೆಚ್ಚಿನವು ಇಷ್ಟಕ್ಕೇ ಬಗ್ಗುತ್ತವೆ.

4ರ ಹಲ್ಲಿಗೆ ಮೊದಲು ಪರೀಕ್ಷೆ ಮಾಡಿ. ಬ್ರಾಕೆಟ್ ಕೂರುವ ಜಾಗದಲ್ಲಿ ಎಳ್ಳಿನಷ್ಟು ಜೆಲ್ 30 ಸೆಕೆಂಡ್ ಇಟ್ಟು, ತೊಳೆದು, ಒಣಗಿಸಿ. ಇಲ್ಲಿ ತೊಡಕೆಂದರೆ ಹಲ್ಲು ಮೊದಲೇ ಬಿಳಿ, ಎಚಿಂಗಿನ ಬಿಳುಪು ಎದ್ದು ಕಾಣುವುದಿಲ್ಲ. ಬಣ್ಣದ ಬದಲು ಹೊಳಪನ್ನು ನೋಡಿ. ಮೇಲಿನ ಲೈಟಿನ ಪ್ರತಿಬಿಂಬ ಹಲ್ಲಿನ ಮೇಲೆ ಚೂಪಾಗಿ ಮಿಂಚುತ್ತಿದ್ದರೆ ಆಸಿಡ್ ಕೆಲಸ ಮಾಡಿಲ್ಲ, ಪ್ರತಿಬಿಂಬ ಕದಡಿದ್ದರೆ ಮಾಡಿದೆ. ಮಾಡಿಲ್ಲವೆಂದರೆ ಸಮಯ ಹೆಚ್ಚಿಸುವುದಕ್ಕಿಂತ ಕೆರೆಯುವುದು ಒಳ್ಳೆಯದು: ಕೆಂಪು ಪಟ್ಟಿಯ ಫೈನ್ ಡೈಮಂಡ್ ಬರ್‌ನಿಂದ, ನೀರು ಬಿಟ್ಟುಕೊಂಡು, ಬ್ರಾಕೆಟ್ಟಿನ ಅಗಲದಷ್ಟು ಜಾಗದಲ್ಲಿ ಮಾತ್ರ 0.1 ಮಿಲಿಮೀಟರ್ ಕೆರೆಯಿರಿ. ಒಂದೆರಡು ಸಲ ಸವರಿದರೆ ಆಯಿತು. ಪುಡಿ ಚಿಮ್ಮಿಸಿ ಕೆರೆಯುವ ಏರ್ ಅಬ್ರೇಶನ್ ಯಂತ್ರ ಇರುವವರು 50 ಮೈಕ್ರಾನ್ ಅಲ್ಯೂಮಿನಾ ಬಳಸಬಹುದು, ಸಕ್ಷನ್ ಹತ್ತಿರ ಇರಲಿ. ಕೆರೆದ ಮೇಲೆ 30 ಸೆಕೆಂಡ್ ಜೆಲ್ ಸಾಕಾಗುತ್ತದೆ, 60 ದಾಟಬೇಡಿ. ಬರ್ ಹಿಡಿಯುವ ಮೊದಲು ಪೇಷಂಟಿಗೆ ಹೇಳಿ, ಎನಾಮಲ್ ಮತ್ತೆ ಬೆಳೆಯುವ ವಸ್ತುವಲ್ಲ.

5 ಮತ್ತು ಮೇಲಿನದಕ್ಕೆ ಲೆಕ್ಕ ತಿರುಗುಮುರುಗು. ಗುಳಿಯ ತಳದಲ್ಲಿ ಗಟ್ಟಿ ಹೆಪ್ಪು ಉಳಿದೇ ಇಲ್ಲ, ಉದ್ದ ಎಚಿಂಗ್ ಅಲ್ಲಿ ಕೇಡು. ಸಡಿಲ ಸುಣ್ಣದಂಥ ಭಾಗವನ್ನು ಬರ್‌ನಿಂದ ತೆಗೆದು, ಗಟ್ಟಿ ತಳ ಸಿಕ್ಕ ಮೇಲೆ 15ರಿಂದ 30 ಸೆಕೆಂಡ್ ಆಸಿಡ್, ಬಾಂಡ್, ತೆಳುವಾಗಿ ಹರಿಯುವ (ಫ್ಲೋಯಬಲ್) ಕಾಂಪೋಸಿಟ್. ಮುಖ ಸಮ ಮಾಡಿದ ಮೇಲೆ ಬ್ರಾಕೆಟ್ ಆ ಕಾಂಪೋಸಿಟ್ ಮೇಲೆ ಕೂರಲಿ. ಗುಳಿ ತುಂಬದೆ ನೇರ ಬ್ರಾಕೆಟ್ ಅಂಟಿಸಿದರೆ ಕೆಳಗೆ ಅಂಟು ದಪ್ಪವಾಗಿ, ಗಾಳಿ ಗುಳ್ಳೆ ಉಳಿದು, ಮೊದಲ ತಂತಿ ಹಾಕಿದಾಗಲೇ ಕಳಚುತ್ತದೆ.

ಕಪ್ಪಾದ ಡೆಂಟಿನ್, ಮಿಶ್ರಿಯ ಹಲ್ಲು

ಮಕ್ಕಳ ಹುಳುಕು ಹಲ್ಲಿಗೆ ಶೇ. 38ರ ಸಿಲ್ವರ್ ಡೈಅಮೈನ್ ಫ್ಲೋರೈಡ್, ಅಂದರೆ ಹುಳುಕು ತಡೆದು ಅದನ್ನು ಕಪ್ಪಾಗಿಸುವ ಎಸ್‌ಡಿಎಫ್ ಹಚ್ಚುವುದು ಈಗ ಸಾಮಾನ್ಯ. ಅದರಲ್ಲಿ 44,800 ಪಿಪಿಎಂ ಫ್ಲೋರೈಡ್, ಮೇಲೆ ಬೆಳ್ಳಿ. ಅದರ ಮೇಲೆ ಏನು ಇಡುವುದು? ಗ್ಲಾಸ್ ಅಯೊನೊಮರ್ ಫಿಲ್ಲಿಂಗ್ ಆದರೆ ಚಿಂತೆಯಿಲ್ಲ, ಅದು ಕ್ಯಾಲ್ಸಿಯಂಗೆ ರಾಸಾಯನಿಕವಾಗಿ ಅಂಟುತ್ತದೆ, ಅದೇ ದಿನವೂ ಇಡಬಹುದು: ಎಸ್‌ಡಿಎಫ್ ಒಣಗಿದ ಮೇಲೆ ತೊಳೆದು, ಶೇ. 10ರ ಪಾಲಿಆಕ್ರಿಲಿಕ್ ಆಸಿಡ್ 20 ಸೆಕೆಂಡ್, ಮತ್ತೆ ತೊಳೆದು, ಹೊಳಪು ಉಳಿಯುವಷ್ಟು ಮಾತ್ರ ಒಣಗಿಸಿ. ಕಾಂಪೋಸಿಟ್ಟೇ ಬೇಕಿದ್ದರೆ ಒಂದೆರಡು ವಾರ ಬಿಟ್ಟು, ಅಂಚಿನ ಎನಾಮಲ್ಲನ್ನು ಬರ್‌ನಿಂದ ಬಿಳಿ ಕಾಣುವ ತನಕ ಶುಚಿ ಮಾಡಿ, ಅಲ್ಲಿ ಫಾಸ್ಫಾರಿಕ್ ಆಸಿಡ್ ಕೊಡಿ. ಹಿಡಿತ ಸಿಗುವುದು ಆ ಅಂಚಿನಿಂದ, ಕಪ್ಪು ತಳದಿಂದ ಹೆಚ್ಚು ಆಸೆ ಬೇಡ.

ಮಿಶ್ರಿ (ಹುರಿದ ತಂಬಾಕಿನ ಹಲ್ಲುಪುಡಿ) ತಿಕ್ಕಿ ಒಸಡಿನ ಬಳಿ ಸವೆದ ಹಲ್ಲಿಗೆ ಜುಮ್ಮೆನ್ನುವುದಕ್ಕೆಂದು ವಾರ್ನಿಶ್ ಹಚ್ಚಿರುತ್ತಾರೆ, ಆಮೇಲೆ ಅಲ್ಲೇ ಫಿಲ್ಲಿಂಗ್ ಇಡುತ್ತಾರೆ, ತಿಂಗಳಲ್ಲಿ ಬೀಳುತ್ತದೆ. ಅಲ್ಲಿ ಡೆಂಟಿನ್ ಮೊದಲೇ ಗಾಜಿನಂತೆ ಗಟ್ಟಿ, ಫ್ಲೋರೈಡ್ ಅದರ ನಾಳಗಳನ್ನೂ ಮುಚ್ಚಿರುತ್ತದೆ. ಹೊಳೆಯುವ ಮೇಲ್ಪದರವನ್ನು ಬರ್‌ನಿಂದ ಒರಟು ಮಾಡಿ, ಎನಾಮಲ್ ಅಂಚಿಗೆ ಓರೆ ಕೊಟ್ಟು, ಮೇಲೆ ಹೇಳಿದ ಕ್ರಮದಲ್ಲೇ ಮುಂದುವರಿಯಿರಿ. ಫಿಲ್ಲಿಂಗ್ ಇಡುವುದು ಖಚಿತವಿದ್ದರೆ ವಾರ್ನಿಶ್ ಹಚ್ಚುವುದೇ ಬೇಡವಾಗಿತ್ತು.

ಫ್ಲೋರೈಡ್ ಆಮೇಲೆ

ಮಕ್ಕಳ ದವಡೆ ಹಲ್ಲಿಗೆ ಸೀಲೆಂಟ್ (ಹಲ್ಲಿನ ಗೀರು ಮುಚ್ಚುವ ರೆಸಿನ್) ಮತ್ತು ವಾರ್ನಿಶ್ ಒಂದೇ ದಿನ ಮಾಡುವುದಾದರೆ ಸೀಲೆಂಟ್ ಮೊದಲು. ಬ್ರೇಸಸ್‌ನಲ್ಲೂ ಹಾಗೇ: ಬ್ರಾಕೆಟ್ ಗಟ್ಟಿಯಾದ ಮೇಲೆ ಅದರ ಸುತ್ತಲೂ ವಾರ್ನಿಶ್ ಹಚ್ಚಿ, ಮೂರು ತಿಂಗಳಿಗೊಮ್ಮೆ ಮತ್ತೆ ಹಚ್ಚುತ್ತಿರಿ. ಬ್ರಾಕೆಟ್ ಸುತ್ತ ಬಿಳಿ ಮಚ್ಚೆ ಏಳದಂತೆ ಅದು ತಡೆಯುತ್ತದೆ, ಆಗಲೇ ಹಿಡಿದ ಅಂಟಿಗೆ ಅದರಿಂದ ಕೇಡಿಲ್ಲ. ಪೋರ್ಸಲೀನ್ ಕ್ರೌನ್, ವೆನೀರ್, ಕಾಂಪೋಸಿಟ್ ಇರುವ ಬಾಯಿಗೆ ಮಾತ್ರ ಎಪಿಎಫ್ ಜೆಲ್ ಬೇಡ, ಅದರ ಹುಳಿ ಮೇಲ್ಮೈಯನ್ನು ಒರಟಾಗಿಸುತ್ತದೆ. ಅಂಥವರಿಗೆ ಶೇ. 2ರ ನ್ಯೂಟ್ರಲ್ ಸೋಡಿಯಂ ಫ್ಲೋರೈಡ್.

ಯಾವುದು ಹಚ್ಚಿದರೂ ಹೆಸರು, ಶೇಕಡಾ, ತಾರೀಖು ಮೂರನ್ನೂ ಕೇಸ್ ಪೇಪರಿನ ಮೇಲ್ತುದಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ, ಪೇಷಂಟಿನ ಮೊಬೈಲಿಗೂ ಒಂದು ಫೋಟೊ ಹೋಗಲಿ. ಮುಂದಿನ ತಿಂಗಳು ಅವರು ಊರಿಗೆ ಹೋಗಿ ಅಲ್ಲಿಯ ಡಾಕ್ಟರ ಕುರ್ಚಿಯಲ್ಲಿ ಕೂತಿರುತ್ತಾರೆ.